ಹದಿನೇಳನೆಯ ಗ್ರಹವಾಸಿ

ಸ್ಕಾಲಿತ್ಸಾ ಊರಿನಲ್ಲಿ ಯಾರ ಸೊಂಟ ಎಷ್ಟು, ಯಾರ ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗು, ಮದುವೆಗೆ ಮುಂಚೆ ಯಾರು ಗುಟ್ಟಾಗಿ ಎರಡು ಬೆರಳು ಬಟ್ಟೆ ಬಿಡಿಸಿಕೊಂಡರು ಎಂಬುದೆಲ್ಲ ದೇವರನ್ನು ಬಿಟ್ಟರೆ ಲಾತಿಂಕಾಗೆ ಮಾತ್ರ ಗೊತ್ತು. ದೇವರ ಹಾಗೆಯೇ ಅವಳೂ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ಗಂಡ ಸ್ಟಾಮೆನ್ ಬದುಕಿದ್ದಾಗ ಒಮ್ಮೆ ಹೆಂಡದಂಗಡಿಯಲ್ಲಿ ಪುರಸಭೆಯ ಅಧ್ಯಕ್ಷರ ಹೊಟ್ಟೆಯ ಸುತ್ತಳತೆಯ ಮೇಲೆ ಪಣ ಕಟ್ಟಿ ಓಡಿ ಬಂದಿದ್ದ. "ಒಂದೇ ಒಂದು ಅಂಕಿ ಹೇಳೇ, ಎರಡು ಸೀಸೆ ಗೆಲ್ತೀನಿ" ಎಂದು ಗೋಗರೆದ. ಅವಳು ಸೂಜಿಗೆ ದಾರ ಪೋಣಿಸುತ್ತ ಕೂತಳೇ ಹೊರತು ಹೇಳಲಿಲ್ಲ. ಸ್ಟಾಮೆನ್ ಸೋತು, ತಾನೇ ಎರಡು ಸೀಸೆ ಪ್ಲಮ್ ರಾಕಿಯಾ ಕೊಡಿಸಿ ಬಂದ. ಆ ಸಿಟ್ಟಿಗೆ ಮೂರು ದಿನ ಮಾತು ಬಿಟ್ಟಿದ್ದ. ಆ ಮೂರು ದಿನದಲ್ಲಿ ತಾನು ಎಂಟು ಅಂಗಿ ಹೊಲಿದು ಮುಗಿಸಿದೆ ಎಂದು ಲಾತಿಂಕಾ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಅಂಥವಳ ಮನೆ ಬಾಗಿಲಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಇಡೀ ಊರು ಬಂದು ನಿಂತದ್ದು ಒಂದು ಸಿನಿಮಾದಿಂದ.

ಸಿನಿಮಾ ಹಳೆಯದು. 1976ರ ಬೇಸಗೆಯಲ್ಲಿ ರಾಜಧಾನಿ ಸೋಫಿಯಾದಿಂದ ಒಂದು ತಂಡ ಬಂದು, ಊರ ಹಿಂದಿನ ಕೆಂಪು ಬಂಡೆಗಳನ್ನು ನೋಡಿ, ಇದು ಭೂಮಿಯೇ ಅಲ್ಲ ಎಂದು ತೀರ್ಮಾನಿಸಿ, ಅಲ್ಲಿಯೇ ಝೋರಾನ್ ಎಂಬ ಗ್ರಹವನ್ನು ಹೂಡಿತು. ಗ್ರಹಕ್ಕೆ ಜನ ಬೇಕಲ್ಲ? ಊರಿನ ಅರವತ್ತು ಮಂದಿಯನ್ನು ಹಿಡಿದರು. ನೇಯ್ಗೆ ಕಾರ್ಖಾನೆಯ ಹೆಂಗಸರು, ಕ್ಷೌರದ ಮೆಥೋದಿ, ಶಾಲೆಯ ಮೇಷ್ಟ್ರು, ಎಲ್ಲರೂ ಗ್ರಹವಾಸಿಗಳಾದರು. ತಲೆಗೆ ಈರುಳ್ಳಿಯ ಆಕಾರದ ಕಾಗದದ ಮುಖವಾಡ, ಮೈಗೆ ಬೆಳ್ಳಿ ಬಣ್ಣದ ನಿಲುವಂಗಿ, ಕೈಗೆ ಮೂರೇ ಬೆರಳಿನ ಗವಸು. ಹೊಲಿದವಳು ಲಾತಿಂಕಾ. ಯಾರದು ಯಾರಿಗೋ ಹೋಗಬಾರದೆಂದು ಒಂದೊಂದರ ತೋಳಿನ ಮೇಲೂ ಬೆಳ್ಳಿ ದಾರದಲ್ಲಿ ಸಂಖ್ಯೆ ಹಾಕಿದಳು. ಬೆಳ್ಳಿ ಬಟ್ಟೆಯ ಮೇಲೆ ಬೆಳ್ಳಿ ದಾರ, ಕ್ಯಾಮೆರಾದ ಕಣ್ಣಿಗೆ ಕಾಣುವ ಮಾತೇ ಇರಲಿಲ್ಲ. ಆ ಸಿನಿಮಾ ಒಂದು ವಾರ ಓಡಿತು. ಊರವರೆಲ್ಲ ತಮ್ಮನ್ನೇ ಹುಡುಕಿ, ಮಬ್ಬಿನಲ್ಲಿ ಅರವತ್ತು ಈರುಳ್ಳಿ ಕಂಡು ಮನೆಗೆ ಬಂದರು.

ಮೂವತ್ತೆರಡು ವರ್ಷದ ಮೇಲೆ ಯಾರೋ ಪುಣ್ಯಾತ್ಮರು ಅದನ್ನು ತೊಳೆದು ಬೆಳಗಿ ಡಿವಿಡಿ ಮಾಡಿ ಹೊರಗೆ ಬಿಟ್ಟರು. ಊರ ಓದುಮನೆಯ ಝೋರ್ನಿತ್ಸಾ ಒಂದು ಪ್ರತಿ ತರಿಸಿದಳು. ಅಷ್ಟಕ್ಕೇ ಸುಮ್ಮನಾಗದೆ, ನೋಡಿದವರು ಅಂತರ್ಜಾಲದಲ್ಲಿ ಬರೆಯುವ ಅಭಿಪ್ರಾಯಗಳನ್ನು ವಾರವಾರ ಮುದ್ರಿಸಿ ಓದುಮನೆಯ ಬಾಗಿಲಿಗೆ ಅಂಟಿಸತೊಡಗಿದಳು. ರೊಟ್ಟಿ ತರಲು ಹೋದವರು ಅಲ್ಲಿ ನಿಂತು ಓದಿ, ರೊಟ್ಟಿ ಮರೆತು ಬರುವಂತಾಯಿತು.

ಪ್ಲೊವ್ದಿವ್‌ನವನೊಬ್ಬ ಬರೆದಿದ್ದ: ಚಿತ್ರ ಕನ್ನಡಿಯಂತಿದೆ, ಧ್ವನಿ ಮಾತ್ರ ಉಪ್ಪಿನಕಾಯಿ ಭರಣಿಯೊಳಗಿಂದ ಬರುತ್ತದೆ, ಮೂರು ನಕ್ಷತ್ರ. ಇನ್ನೊಬ್ಬಳು ರಾಕೆಟ್ಟಿನ ಹಿಂದೆ ಕತ್ತೆಯೊಂದು ಮೇಯುವುದನ್ನು ಕಂಡುಹಿಡಿದಿದ್ದಳು. ವಾರ್ನಾದವನು ಡಬ್ಬಿಯ ಮುಚ್ಚಳ ಎರಡೇ ದಿನಕ್ಕೆ ಮುರಿಯಿತೆಂದು ಸಿನಿಮಾವನ್ನೇ ಬೈದಿದ್ದ. ಇವೆಲ್ಲದರ ನಡುವೆ ಯಾರೋ ಒಬ್ಬರು ಹಾಕಿದ ಒಂದೇ ಸಾಲು ಊರಿಗೆ ಬೆಂಕಿ ಹಚ್ಚಿತು: "ಐವತ್ತೊಂದನೆಯ ನಿಮಿಷದಲ್ಲಿ ನಿಲ್ಲಿಸಿ ನೋಡಿ. ಬಂಡೆ ಸಿಡಿಯುವಾಗ ಮುಂದಿನ ಸಾಲಿನ ಗ್ರಹವಾಸಿಯೊಬ್ಬ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ತೋಳಿನ ಮೇಲೆ 17 ಎಂದಿದೆ."

ನಿಲ್ಲಿಸಿ ನೋಡದವರಿಲ್ಲ. ಹಣೆ, ಹೊಟ್ಟೆ, ಬಲ ಹೆಗಲು, ಎಡ ಹೆಗಲು. ಚರ್ಚಿನಲ್ಲಿ ಅಜ್ಜಿಯರು ಹಾಕುವಷ್ಟು ಅಚ್ಚುಕಟ್ಟು. ಮೂರು ಬೆರಳಿನ ಗವಸು ಬೇರೆ, ಶಿಲುಬೆ ಹಾಕಲು ಸೇರಿಸಬೇಕಾದ ಬೆರಳುಗಳೂ ಸರಿಯಾಗಿ ಮೂರೇ. ಅಭಿಪ್ರಾಯಗಳು ಹೊಳೆಯಾಗಿ ಹರಿದವು. ಇದು ದೇವರನ್ನು ಒಪ್ಪದ ಆ ಕಾಲದ ಸರ್ಕಾರಕ್ಕೆ ನಿರ್ದೇಶಕ ಕೊಟ್ಟ ಗುಟ್ಟಿನ ಏಟು ಎಂದನೊಬ್ಬ. ಝೋರಾನ್ ಗ್ರಹಕ್ಕೂ ಧರ್ಮ ನಮ್ಮಿಂದಲೇ ಹೋದದ್ದು ಎಂದನೊಬ್ಬ. ನೊಣ ಓಡಿಸಿದ್ದು ಎಂದು ಹಲವರು. ಡಿವಿಡಿ ತಂದವರು ಓದುಮನೆಗೆ ಪತ್ರವನ್ನೇ ಬರೆದರು: ಎರಡನೆಯ ಮುದ್ರಣದಲ್ಲಿ ಹದಿನೇಳನೆಯವರ ಸಂದರ್ಶನ ಸೇರಿಸುತ್ತೇವೆ, ಅವರು ಯಾರು ತಿಳಿಸಿ.

ಆ ದಿನ ಲಾತಿಂಕಾ ಅಂಗಳದಲ್ಲಿ ಗೆಳತಿ ಗೀನಾಳ ಜೊತೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತಿದ್ದಳು. ಝೋರ್ನಿತ್ಸಾ ಪತ್ರ ಹಿಡಿದು ಓಡಿ ಬಂದಳು.

"ಚಿಕ್ಕಮ್ಮ, ನಿಮ್ಮ ಅಳತೆ ಪುಸ್ತಕ ಇದೆಯಾ? ಎಪ್ಪತ್ತಾರರದ್ದು?"

"ಇದೆ."

"ಹದಿನೇಳು ಯಾರು ಅಂತ ಅದರಲ್ಲಿ ಇರತ್ತಲ್ವಾ?"

"ಇರತ್ತೆ."

"ಕೊಡ್ತೀರಾ?"

ಲಾತಿಂಕಾ ಇಲ್ಲವೆಂಬಂತೆ ಗದ್ದ ಮೇಲೆತ್ತಿ ನಾಲಿಗೆಯಿಂದ ಒಂದು ಸಲ 'ಚ್' ಎಂದಳು. ಝೋರ್ನಿತ್ಸಾ ಬಗೆಬಗೆಯಾಗಿ ಬೇಡಿ, ಬಿಸಿ ಮೆಣಸಿನಕಾಯಿ ಒಂದನ್ನು ಉಪ್ಪು ಹಚ್ಚಿ ತಿಂದು ಹೋದಳು.

ಅವಳು ಗೇಟು ದಾಟಿದ್ದೇ ತಡ, ಗೀನಾ ಕುರ್ಚಿಯನ್ನು ಹತ್ತಿರಕ್ಕೆಳೆದಳು. "ಲೇ, ಪುಸ್ತಕ ಯಾಕೆ? ಹದಿನೇಳು ನಾನೇ ಕಣೆ. ನೋಡಿದ ಕೂಡಲೇ ಗೊತ್ತಾಯ್ತು. ಸ್ವಲ್ಪ ದಪ್ಪ ಕಾಣ್ತೀನಿ, ಅದು ಕ್ಯಾಮೆರಾದ ತಪ್ಪು."

"ಹೌದೇನೆ?"

"ಹೌದೇನೆ ಅಂತೆ! ಆ ಕಾಲದಲ್ಲೂ ನನಗೆಷ್ಟು ಭಕ್ತಿ ಅಂತ ನಿನಗೆ ಗೊತ್ತಿಲ್ವಾ? ನೀನು ಏನೂ ಹೇಳ್ಬೇಡ. ಯಾರಾದ್ರೂ ಕೇಳಿದ್ರೆ ಹೂಂ ಅನ್ನು, ಸಾಕು."

"ನಿನ್ನ ನಂಬರು ನಿನಗೇ ಗೊತ್ತು ಗೀನಾ. ನನ್ನ ಬಾಯಿಂದ ಯಾಕೆ ಹೂಂ?"

"ಅಯ್ಯೋ, ನಿನ್ನ ಬಾಯಿ! ಬೀಗ ಹಾಕಿ ಕೀಲಿ ಬಾವಿಗೆ ಎಸೆದಿದೀಯ."

ಗೀನಾ ಒಬ್ಬಳೇ ಅಲ್ಲ. ಆ ವಾರ ಊರಿನಲ್ಲಿ ಐದು ಮಂದಿ ಹದಿನೇಳನೆಯವರಿದ್ದರು. ಮೆಥೋದಿ ಕ್ಷೌರದ ಕತ್ತಿ ಹಿಡಿದ ಕೈಯಲ್ಲೇ ಶಿಲುಬೆ ಹಾಕಿ ತೋರಿಸಲು ಹೋಗಿ ಗಿರಾಕಿಯೊಬ್ಬನ ಮೀಸೆಯನ್ನು ಅರ್ಧ ಮಾಡಿದ.

ನಿಜವಾದ ಹದಿನೇಳು ಯಾರೆಂದು ತಿಳಿಯಲು ಲಾತಿಂಕಾಗೆ ಪುಸ್ತಕ ತೆರೆಯಬೇಕಾಗಿರಲಿಲ್ಲ. ಅವಳದು ಹದಿನೆಂಟು. ಅವತ್ತು ಪಕ್ಕದಲ್ಲೇ ನಿಂತಿದ್ದಳು.

ಹದಿನೇಳು ಎಂದರೆ ವಾಸಿಲ್ ಗೆರ್ಗಿನೊವ್, ಭೌತಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಸೂತ್ರ ಬರೆದು ಸಾಧಿಸಿದವರು. ಈಸ್ಟರ್ ಹಬ್ಬದಲ್ಲಿ ಚರ್ಚಿನ ಬಾಗಿಲ ಹತ್ತಿರ ನಿಂತು, ಒಳಗೆ ಹೋಗುವ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದವರು. ಲಾತಿಂಕಾಳ ಮಗ ಪ್ಲಾಮೆನ್‌ನ ಜೇಬಿನಲ್ಲಿ ಹಬ್ಬದ ಕೆಂಪು ಮೊಟ್ಟೆಯ ಚಿಪ್ಪು ಸಿಕ್ಕಿತೆಂದು ನಡತೆಯ ಅಂಕ ಇಳಿಸಿ, ಹುಡುಗ ಬಯಸಿದ ಶಾಲೆ ತಪ್ಪುವಂತೆ ಮಾಡಿದವರೂ ಅವರೇ. ಸರ್ಕಾರ ಬದಲಾಯಿತು, ಚರ್ಚಿಗೆ ಹೊಸ ಗಂಟೆ ಬಂತು, ಒಂದು ಕಾಲದಲ್ಲಿ ಅವರ ಜೊತೆ ನಿಂತವರೆಲ್ಲ ಮೇಣದ ಬತ್ತಿ ಹಿಡಿದು ಮುಂದಿನ ಸಾಲಿಗೆ ಬಂದರು. ಮೇಷ್ಟ್ರು ಬರಲಿಲ್ಲ. ಎಂಬತ್ತೆರಡರಲ್ಲೂ ದೇವರಿಲ್ಲ ಎಂದೇ ಹೇಳುತ್ತಿದ್ದರು. ಊರು ಅವರನ್ನು ಪ್ರೀತಿಸುತ್ತಿರಲಿಲ್ಲ, ಆದರೆ ಮಾತು ಬದಲಿಸದ ಒಬ್ಬನೇ ಮನುಷ್ಯ ಎಂದು ಟೋಪಿ ತೆಗೆಯುತ್ತಿತ್ತು. ಆ ಒಂದು ಮರ್ಯಾದೆ ಈಗ ಲಾತಿಂಕಾಳ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಮೆಥೋದಿಯ ಅಂಗಡಿಯಲ್ಲಿ ಒಂದು ವರ್ಷಕ್ಕಾಗುವಷ್ಟು ನಗು. ಪ್ಲಾಮೆನ್‌ನ ಅಂಕದ ನೆನಪಾದಾಗ ನಾಲಿಗೆ ತುರಿಸಲಿಲ್ಲ ಎಂದರೆ ಸುಳ್ಳಾದೀತು. ದೇವರ ಪಟದ ಮುಂದೆ ದೀಪ ಹಚ್ಚುವಾಗ, ನನ್ನ ಬಾಯಿಯನ್ನು ನೀನೇ ಕಾಯಿ ಎಂದು ಬೇಡಿಕೊಂಡಳು.

ಗುರುವಾರ ಮಧ್ಯಾಹ್ನ ಮೇಷ್ಟ್ರೇ ಬಂದರು. ಕೈಯಲ್ಲಿ ಒಂದು ಪ್ಯಾಂಟು.

"ಅಂಚು ಬಿಚ್ಚಿದೆ, ಲಾತಿಂಕಾ."

ಅಂಚು ಬಿಚ್ಚಿರಲಿಲ್ಲ, ಬಿಚ್ಚಲಾಗಿತ್ತು. ಕತ್ತರಿಯ ಗುರುತು ಕಾಣುತ್ತಿತ್ತು. ಅವಳು ಅದನ್ನು ಹೊಲಿಗೆ ಯಂತ್ರಕ್ಕೆ ಕೊಟ್ಟಳು. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ ಕೂತರು.

"ಅದು ಕಣಜದ ಹುಳ," ಎಂದರು ಕೊನೆಗೆ.

"ಏನು ಮೇಷ್ಟ್ರೇ?"

"ಅವತ್ತು. ಮುಖವಾಡದ ಹತ್ತಿರ ಒಂದು ಕಣಜ ಬಂದಿತ್ತು. ಓಡಿಸಿದೆ."

"ಸರಿ. ಕೇಳಿದವರಿಗೆ ಕಣಜ ಅಂತಲೇ ಹೇಳ್ತೀನಿ."

ಯಂತ್ರ ಒಂದು ಕಾಲಿನ ಅಂಚು ಮುಗಿಸಿ ನಿಂತಿತು. ಮೇಷ್ಟ್ರ ಕೈ ಮೊಣಕಾಲಿನ ಮೇಲೆ ಬಟ್ಟೆಯನ್ನು ಒರೆಸುತ್ತಲೇ ಇತ್ತು.

"ಬೇಡ," ಎಂದರು. "ಹಾಗೆ ಹೇಳ್ಬೇಡಿ."

ಸಿಡಿಸಬೇಕಿದ್ದ ಬಂಡೆಯ ಪಕ್ಕದ ಬಂಡೆಯ ಚಾಚಿನ ಮೇಲೆ ಅವತ್ತು ಅವರ ಮಗಳು ಬಿಸೆರಾ ಕೂತಿದ್ದಳು. ಏಳು ವರ್ಷ, ಗ್ರಹದ ಮಗುವಿನ ಪಾತ್ರ. ಮದ್ದು ಎಣಿಸಿದ್ದಕ್ಕಿಂತ ಜೋರಾಗಿ ಸಿಡಿದು, ಹೊಗೆ ಮಗುವನ್ನು ನುಂಗಿತು. ಯಾರೋ ಕಿರುಚಿದರು. ಆಗ ಹದಿನೇಳನೆಯವರ ಕೈ ಮೇಲೆದ್ದಿತ್ತು. ಹೊಗೆ ತಿಳಿಯಾದಾಗ ಮಗು ಕೂತಲ್ಲೇ ಕೂತಿತ್ತು. ಮುಖವಾಡದ ತೂತುಗಳಿಂದ ಹದಿನೇಳು ಹದಿನೆಂಟನ್ನು ನೋಡಿತು. ಅಲ್ಲಿಂದೀಚೆಗೆ ಅವರಿಬ್ಬರ ನಡುವೆ ಆ ಮಾತು ಬಂದದ್ದು ಇದೇ ಮೊದಲು.

"ಕಣಜ ಅಂದ್ರೆ," ಮೇಷ್ಟ್ರು ತೊದಲಿದರು, "ಅಷ್ಟು ಹೊತ್ತು ನಾನು ಕಣಜದ ಬಗ್ಗೆ ಯೋಚಿಸ್ತಾ ಇದ್ದೆ ಅಂತಾಗತ್ತೆ. ಅವಳು ಕಾಣದೇ ಇದ್ದಾಗ."

"ಹೌದು."

"ನಿಮ್ಮ ಮಗನ ಅಂಕ ಇಳಿಸಿದ್ದು ಆಮೇಲಿನ ವರ್ಷ. ಆಗಲಾದ್ರೂ ನೀವು ಬಾಯಿ ಬಿಡಬಹುದಿತ್ತು. ನಾನು ದಿನಾ ಕಾಯ್ತಿದ್ದೆ. ಯಾಕೆ ಹೇಳಲಿಲ್ಲ?"

ಲಾತಿಂಕಾ ಎರಡನೆಯ ಅಂಚನ್ನು ಮಡಿಸಿ ಸೂಜಿಯ ಕೆಳಗಿಟ್ಟಳು. "ಅದು ನೀವು ನನಗೆ ತೋರಿಸಿದ್ದಲ್ಲ ಮೇಷ್ಟ್ರೇ. ಬೇರೆಯವರಿಗೆ ತೋರಿಸಿದ್ದು. ನಾನು ಪಕ್ಕದಲ್ಲಿದ್ದೆ, ಅಷ್ಟೆ."

"ಆ ಬೇರೆಯವರು ಇಲ್ಲ, ಲಾತಿಂಕಾ."

"ಇರಲಿ ಬಿಡಿ. ಪ್ಯಾಂಟು ತಗೊಳ್ಳಿ. ಇನ್ನೊಂದು ಸಲ ಅಂಚು ಬಿಚ್ಚೋದಾದ್ರೆ ಬ್ಲೇಡಿನಲ್ಲಿ ಬಿಚ್ಚಿ, ಕತ್ತರಿಯಲ್ಲಿ ಬಟ್ಟೆ ಹಾಳಾಗತ್ತೆ."

ಮೇಷ್ಟ್ರ ಕಿವಿ ಕೆಂಪಾಯಿತು. ಪ್ಯಾಂಟು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಮುಂದಿನ ಸೋಮವಾರ ಓದುಮನೆಯ ಬಾಗಿಲ ಮುಂದೆ ಎಂದಿಗಿಂತ ಹೆಚ್ಚು ಜನ. ಲಾತಿಂಕಾ ಹೋದಾಗ ಝೋರ್ನಿತ್ಸಾ ಮೆಟ್ಟಿಲ ಮೇಲೆ ನಿಂತು, ಹಿಂದಿನವರಿಗೂ ಕೇಳಲೆಂದು, ಗಟ್ಟಿಯಾಗಿ ಓದುತ್ತಿದ್ದಳು.

"ಎರಡು ನಕ್ಷತ್ರ. ಒಂದನೆಯದಾಗಿ, ಗಾಳಿಯಿಲ್ಲದ ಗ್ರಹದಲ್ಲಿ ಹೊಗೆ ಹೀಗೆ ಸುರುಳಿಯಾಗಿ ಏಳುವುದಿಲ್ಲ. ಎರಡನೆಯದಾಗಿ, ಆಕಾಶದಲ್ಲಿ ಎರಡು ಸೂರ್ಯರಿದ್ದರೆ ನೆರಳೂ ಎರಡಿರಬೇಕು. ಮೂರನೆಯದಾಗಿ, ಉಡುಪಿನ ಕಂಕುಳು ತೀರ ಬಿಗಿ, ಅಂಥ ಉಡುಪು ತೊಟ್ಟು ಯಾವ ನಾಗರಿಕತೆಯೂ ಮುಂದುವರಿಯಲಾರದು. ನಾಲ್ಕನೆಯದಾಗಿ, ಐವತ್ತೊಂದನೆಯ ನಿಮಿಷ. ಅದು ನೊಣವಲ್ಲ, ನಿರ್ದೇಶಕರ ಸಂಕೇತವೂ ಅಲ್ಲ. ಹದಿನೇಳು ನಾನು. ಬಂಡೆಯ ಮೇಲೆ ನನ್ನ ಮಗಳಿದ್ದಳು, ಸುಮಾರು ನಾಲ್ಕು ಸೆಕೆಂಡು ಕಾಣುತ್ತಿರಲಿಲ್ಲ. ಈ ವಿಷಯದಲ್ಲಿ ಹೆಚ್ಚಿನ ವಿವರಣೆ ನನ್ನ ಬಳಿ ಇಲ್ಲ, ನನ್ನ ಅಭಿಪ್ರಾಯವೂ ಬದಲಾಗಿಲ್ಲ. ಚರ್ಚಿನ ಬಾಗಿಲಲ್ಲಿ ನಿಂತು ನಾನು ಬರೆದುಕೊಂಡ ಮಕ್ಕಳ ಹೆಸರು ಒಟ್ಟು ನೂರ ಹನ್ನೆರಡು. ನೂರ ಹದಿಮೂರನೆಯದನ್ನು ಇಂದು ಸೇರಿಸಿದ್ದೇನೆ: ವಾಸಿಲ್ ಗೆರ್ಗಿನೊವ್, ನಿವೃತ್ತ ಶಿಕ್ಷಕ."

ನಗಬೇಕೆಂದು ಬಂದವರಿಗೆ ನಗುವುದು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಆ ನೂರ ಹನ್ನೆರಡರಲ್ಲಿ ಎಷ್ಟೋ ಮಂದಿ ಅಲ್ಲೇ ಇದ್ದರು, ಕೆಲವರ ತಲೆ ನರೆತಿತ್ತು.

"ಹಾಗಾದ್ರೆ ನಾನು ಯಾರು?" ಎಂದಳು ಗೀನಾ.

ಆಗ ನಗು ಬಂತು. ಮೆಥೋದಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಮೇಷ್ಟ್ರಿಗೆ ಇವತ್ತು ನನ್ನ ಅಂಗಡಿಯಲ್ಲಿ ಪುಕ್ಕಟೆ ಕ್ಷೌರ, ಹಳೇ ದ್ವೇಷಕ್ಕೆ ಕಿವಿ ಮಾತ್ರ ಕತ್ತರಿಸ್ತೀನಿ ಎಂದ.

ಗುಂಪಿನ ಅಂಚಿನಲ್ಲಿ ಬಿಸೆರಾ ನಿಂತಿದ್ದಳು. ಈಗ ಊರಿನ ಹಲ್ಲಿನ ಡಾಕ್ಟರು, ಬಿಳಿ ಕೋಟಿನಲ್ಲೇ ಬಂದಿದ್ದಳು. ಕಾಗದವನ್ನು ಬಾಗಿಲಿಂದ ಕಿತ್ತುಕೊಂಡು ಮತ್ತೊಮ್ಮೆ ಓದಿದಳು.

"ನಾನು ಆಗ ಪ್ಲಮ್ ಹಣ್ಣು ತಿಂತಾ ಇದ್ದೆ," ಎಂದಳು ಯಾರಿಗೂ ಅಲ್ಲದಂತೆ. "ಬೀಜ ಉಗುಳೋಕೆ ಜಾಗ ಹುಡುಕ್ತಾ ಇದ್ದೆ. ಅಪ್ಪ ಇಷ್ಟು ವರ್ಷ..." ಮಾತು ಮುಗಿಸದೆ, ಕಾಗದ ಹಿಡಿದುಕೊಂಡೇ ಅಪ್ಪನ ಮನೆಯ ಏರಿನ ದಾರಿ ಹಿಡಿದಳು. ಬಾಯಿ ತೆರೆದು ಕೂತ ರೋಗಿ ಅಲ್ಲೆಲ್ಲೋ ಕಾಯುತ್ತಿದ್ದಿರಬೇಕು.

ಜನ ಚದುರಿದ ಮೇಲೆ ಲಾತಿಂಕಾ ಒಳಗೆ ಹೋದಳು. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು.

"ಝೋರ್ನಿತ್ಸಾ, ಅಲ್ಲಿ ಯಾರು ಬೇಕಾದ್ರೂ ಬರೀಬಹುದಾ?"

"ಯಾರು ಬೇಕಾದ್ರೂ. ನೀವೂ ಬರೀತೀರಾ ಚಿಕ್ಕಮ್ಮ?" ಝೋರ್ನಿತ್ಸಾ ಕಂಪ್ಯೂಟರಿನ ಮುಂದೆ ಕೂತಳು. "ಎಷ್ಟು ನಕ್ಷತ್ರ?"

"ಒಟ್ಟು ಎಷ್ಟಿವೆ?"

"ಐದು."

"ಅಷ್ಟೂ ಹಾಕು. ಈಗ ಬರಿ." ಲಾತಿಂಕಾ ಕೈಕಟ್ಟಿ ನಿಂತು, ಅಳತೆ ಬರೆಸುವವಳ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಹದಿನೇಳರ ಕಂಕುಳು ಬಿಗಿ ಇರಲಿಲ್ಲ. ಹೊಲಿದವಳು ನಾನು. ಬಿಗಿ ಇದ್ದಿದ್ದರೆ ಮೇಷ್ಟ್ರ ಕೈ ಹಣೆಯವರೆಗೆ ಏರುತ್ತಲೇ ಇರಲಿಲ್ಲ."