ಬಾಂಬು ಬಿದ್ದರೆ ಕೋರಮಂಡಲ್‌ಗೆ

ಮಾರಿಕುಪ್ಪಂ ರೈಲಿನಲ್ಲಿ ಎದುರು ಕೂತವನ ಫೋನಿನೊಳಗೆ, ವಾರ್ತೆಯಲ್ಲಿ, ಎಲ್ಲೋ ನಡೆಯುತ್ತಿರುವ ಎರಡು ದೇಶಗಳ ಯುದ್ಧದ ಬಗ್ಗೆ ಇಬ್ಬರು ಕಿತ್ತಾಡುತ್ತಿದ್ದರು. ಅವರೂ ಕ್ಷಿಪಣಿ ಹಾರಿಸಿದರಂತೆ, ಇವರೂ ಹಾರಿಸಿದರಂತೆ, ಎರಡೂ ದೇಶದ ಹತ್ತಿರ ಅಣುಬಾಂಬು ಇದೆಯಂತೆ. ನನ್ನ ಪಕ್ಕ ಕೂಸು ಅವುಚಿಕೊಂಡು ಕೂತಿದ್ದ ಕಾಮಸಮುದ್ರದ ಹೆಣ್ಣುಮಗಳು ಅದನ್ನು ಇನ್ನೂ ಬಿಗಿಯಾಗಿ ಹಿಡಿದು ನನ್ನತ್ತ ತಿರುಗಿದಳು.

"ಬಾಂಬು ಬಿದ್ರೆ ಎಲ್ಲಿಗೆ ಓಗೋದು ತಾತಾ?"

ನಾನು ಸುಮ್ಮನಿರುವ ಆಸಾಮಿಯೇ? "ನಮ್ಮ ಕೋರಮಂಡಲ್ ಚಿನ್ನದ ಗಣಿ ಐತಲ್ಲಮ್ಮಾ! ಅಲ್ಲಿ ಕೆಲಸಕ್ಕಿಳಿದಾಗ ಪಾತಾಳದ ಬಿಸಿಗೆ ಕಾದ ಬಂಡೆ ಮ್ಯಾಲೆ ಮುದ್ದೆ ಬೇಯಿಸ್ಕೊಂಡು ತಿಂದವನು ನಾನು. ಅಷ್ಟು ಆಳಕ್ಕೆ ಯಾವ ಬಾಂಬೂ ಇಳಿಯಾಕಿಲ್ಲ."

"ನಮ್ಮನ್ನೂ ಕರ್ಕೊಂಡು ಓಗ್ತೀಯಾ?"

"ಓ, ಬಾ!"

"ನಮ್ಮತ್ತೆಗೆ ಮೊಣಕಾಲು ನೋವು."

"ಬೆನ್ನ ಮೇಲೆ ಕೂರಿಸ್ಕೊಂಡು ಇಳೀತೀನಿ."

"ಎರಡು ಎಮ್ಮೆ ಅವೆ."

"ಮೊದಲು ಅವೇ ಇಳೀಲಿ."

ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಒಳಗೆಲ್ಲ ನೀರು ತುಂಬಿ ನಿಂತಿದೆ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕೂಸಿನ ಮೇಲಿದ್ದ ಬಿಗಿಹಿಡಿತ ಸಡಿಲಿಸಿ ನಿಟ್ಟುಸಿರು ಬಿಟ್ಟಳು. ತೆರೆದ ಬಾಯಿಗೆ ಎಲೆಅಡಿಕೆ ತುರುಕಿಕೊಂಡೆ.

ಬಂಗಾರಪೇಟೆಯಲ್ಲಿ ಇಳಿಯುವಾಗ ಬೋಗಿಗೆಲ್ಲ ಕೇಳುವಂತೆ ಕೂಗಿದಳು: "ಏನಾದ್ರೂ ಆದ್ರೆ ಎಲ್ಲಾರೂ ಈ ತಾತನ ಮನೆತಾವ ಬನ್ರಪ್ಪಾ!" ನಾಲ್ಕಾರು ಮಂದಿ ಆಗಲೇ ನನ್ನ ಬೀದಿ ಯಾವುದೆಂದು ಕೇಳಿಕೊಂಡರು.

ಅವತ್ತಿನಿಂದ ವಾರ್ತೆ ಕೇಳದೆ ನನಗೆ ಊಟ ಸೇರುವುದಿಲ್ಲ. ಆ ಎರಡು ದೇಶದವರು ಬೇಗ ರಾಜಿ ಮಾಡಿಕೊಳ್ಳಲಿ. ಇಷ್ಟೆಲ್ಲಾ ಮಾಡಿದ ಗಂಡು ನಾನು, ಆದರೆ ಈಜು ಮಾತ್ರ ಕಲಿತಿಲ್ಲ.