ಅಕ್ಕನ ಆರು ಫ್ಲಾಟುಗಳು

ಅಕ್ಕ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರಿ ಕಚೇರಿಯೊಂದರ ಉದ್ಯೋಗಿ. ನಾನು ಗಂಡನ ವರ್ಗಾವಣೆಯ ಜೊತೆ ಕೊಚ್ಚಿಗೆ ಬಂದವಳು. ನಮ್ಮದು ಎಲ್ಲಿ ಹೋದರೂ ಬಾಡಿಗೆ ಮನೆ. ಅಕ್ಕ ಮಾತ್ರ ಸಂಬಳ ಉಳಿಸಿ ಅಲ್ಲಿ ಎರಡು ಸಣ್ಣ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದಳು. ಅಷ್ಟನ್ನು ನಾನು ಹೇಗೋ ನುಂಗಿಕೊಂಡಿದ್ದೆ.

ಒಂದು ದಿನ ಅವಳ ಫೋನು ಬಂತು. "ನಿಮ್ಮ ಕೊಚ್ಚಿಯಲ್ಲೇ ವೈಟ್ಟಿಲದ ಹತ್ತಿರ ಒಂದು ಕಟ್ಟಡ ಮಾರಾಟಕ್ಕುಂಟು ಮಾರಾಯ್ತಿ, ಆರು ಫ್ಲಾಟ್. ನನ್ನ ಎರಡೂ ಮನೆ ಅಡವಿಟ್ಟರೆ ಬ್ಯಾಂಕಿನವರು ಸಾಲ ಕೊಡ್ತಾರಂತೆ. ಕಂತು ಬಾಡಿಗೆಯಲ್ಲೇ ಹೋಗ್ತದೆ."

"ಅಡವಿಟ್ಟ ಮನೆ ಕೈಬಿಟ್ಟು ಹೋದರೆ?" ಎಂದೆ. ಕಾಳಜಿ ದನಿಯಲ್ಲಷ್ಟೇ ಇತ್ತು.

"ಅದೇ ಹೆದರಿಕೆ. ಮನೆಗೆ ಬೆಲೆ ಕಟ್ಟಲಿಕ್ಕೆ ಇಂಜಿನಿಯರ್ ಬರ್ತಾರೆ. ಆ ದಿನ ನೀನು ಒಟ್ಟಿಗೆ ಇರು."

ತಿರುವನಂತಪುರಕ್ಕೆ ಹೋದೆ. ಇಂಜಿನಿಯರ್ ಗೋಡೆ ಅಳೆಯುತ್ತಾ ಮುಂದೆ ನಡೆದರೆ ನಾನು ಹಿಂದಿನಿಂದ ಬಿರುಕು ಹುಡುಕುತ್ತಿದ್ದೆ. ಅಡುಗೆಮನೆಯಲ್ಲಿ ತೇವದ ಕಲೆಯೊಂದು ಕಂಡಾಗ ನನ್ನ ಎದೆ ಹಗುರಾಯಿತು. ಅವರೂ ಅದನ್ನು ನೋಡಿದರು, "ಸಾರಮಿಲ್ಲ", ಪರವಾಗಿಲ್ಲ ಎಂದರು. ಅಕ್ಕನ ಮುಖ ಅರಳಿತು. ಬಾಡಿಗೆಯಲ್ಲಿದ್ದ ಹೆಂಗಸು ಅಳತೆ ಮಾರಾಟಕ್ಕೆಂದು ತಿಳಿದು, ಚಹಾ ತಂದಿಟ್ಟು, "ಮನೆ ಮಾರಬೇಡಿ ಚೇಚಿ, ನಿಮ್ಮಂಥವರು ನಮಗೆ ಸಿಗುವುದಿಲ್ಲ" ಎಂದು ಮಲಯಾಳದಲ್ಲಿ ಅಂಗಲಾಚಿದಳು. ನನ್ನನ್ನು ಹಾಗೆ ಬೇಡಿಕೊಳ್ಳುವವರು ಜಗತ್ತಿನಲ್ಲಿ ಯಾರಿದ್ದಾರೆ ಎಂದು ಯೋಚಿಸುತ್ತಾ ಆ ಚಹಾ ಕುಡಿದೆ. ಚೆನ್ನಾಗಿಯೇ ಇತ್ತು.

ಸಾಲ ಮಂಜೂರಾಯಿತು. ಊರಿನಿಂದ ಅಮ್ಮ, "ಅವಳ ಧೈರ್ಯ ನೋಡು" ಎಂದಳು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ನೋಂದಣಿ ಮುಗಿಸಿ ಅಕ್ಕ ನೇರ ನಮ್ಮ ಮನೆಗೆ ಬಂದಳು. "ಮೇಲಿನ ಫ್ಲಾಟ್ ಖಾಲಿ ಉಂಟು. ನೀವೇ ಬನ್ನಿ. ಬಾಡಿಗೆ ನಿನ್ನಿಂದ ಆದಷ್ಟು ಕೊಡು."

ಗಂಡ ಕೆಲಸ ಮಾಡುವ ಬ್ಯಾಂಕು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಅವರು ಬಾಯಿ ತೆರೆಯುವ ಮೊದಲೇ ನಾನು, "ಮಗಳ ಶಾಲೆಗೆ ದೂರ ಆಗ್ತದೆ ಅಕ್ಕ" ಎಂದೆ.

"ದೂರಮೊನ್ನುಮಿಲ್ಲ ಅಮ್ಮೆ," ದೂರವೇನೂ ಇಲ್ಲ ಎಂದು ಮಗಳು ಒಳಗಿನಿಂದಲೇ ಕೂಗಿದಳು. ಅಕ್ಕ ನನ್ನನ್ನೇ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮರುವರ್ಷ ನಮ್ಮ ಮಾಲೀಕರು ಮನೆ ಬಿಡಲು ಹೇಳಿದಾಗ ಕೊಚ್ಚಿಯ ಹೊರಗಿನ ಆಲುವಕ್ಕೆ ಹೋದೆವು. ಬಾಡಿಗೆ ಹೆಚ್ಚು. ಗಂಡ ದಿನವೂ ಮೆಟ್ರೋದಲ್ಲಿ ನಿಂತುಕೊಂಡೇ ಹೋಗಿಬರುತ್ತಾರೆ. ಅಕ್ಕನ ಕಂತುಗಳು ತಪ್ಪಿಲ್ಲ. ಹೊಸ ಮನೆ ಹೇಗುಂಟು ಎಂದು ಅವಳು ಕೇಳಿದಾಗಲೆಲ್ಲ, ಗಾಳಿ ಬೆಳಕು ತುಂಬ ಚೆನ್ನಾಗುಂಟು ಎನ್ನುತ್ತೇನೆ.