ಅರ್ಧ ತಾಸಿನ ವಿಮಾನ

ನನ್ನ ತಮ್ಮ ಅರುಣಾಚಲದ ಗುಡ್ಡಗಳಲ್ಲಿ ಸುರಂಗ ಕೊರೆಯುವ ಕೆಲಸಕ್ಕೆ ಹೋಗಿದ್ದ. ಒಂದು ಬೆಳಿಗ್ಗೆ ಅವನ ಮೇಸ್ತ್ರಿಯ ಫೋನ್ ಬಂತು. ತಮ್ಮನ ಅಪೆಂಡಿಕ್ಸ್ ಒಡೆದಿದೆ, ಗುಡ್ಡ ಕುಸಿದು ರಸ್ತೆ ಮುಚ್ಚಿದೆ, ದೊಡ್ಡ ಆಸ್ಪತ್ರೆಯಿರುವ ಊರಿಗೆ ಸಣ್ಣ ವಿಮಾನದಲ್ಲಿ ಒಯ್ಯುತ್ತಾರೆ ಎಂದ. "ಈಗ ಏರಸ್ತಾರಕ್ಕಾ. ಲಗೂನ ಮುಟ್ಟಿದ್ರ ಜೀವ ಉಳೀತೈತಿ," ಎಂದು ಫೋನ್ ಇಟ್ಟುಬಿಟ್ಟ. ಮುಟ್ಟದಿದ್ದರೆ ಎಂದು ಕೇಳಲು ಅವನು ಬಿಡಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಮಕ್ತಲ್‌ನ ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾನು ಮತ್ತು ಅವ್ವ. ಪಡಸಾಲೆ ಗುಡಿಸುತ್ತಿದ್ದ ಅವ್ವ ಸುದ್ದಿ ಕೇಳಿದ್ದೇ ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟಳು. ಪಯಣದಲ್ಲಿದ್ದವರು ಮುಟ್ಟುವ ತನಕ ಮನೆಯ ಕಸ ಹೊರಗೆ ಹಾಕಬಾರದು, ಹಾಕಿದರೆ ಹೋದವರು ತಿರುಗಿ ಬರುವುದಿಲ್ಲ ಎಂಬುದು ನಮ್ಮಲ್ಲಿಯ ನಡಾವಳಿ. ನನಗೆ ಇಂಥದ್ದೆಲ್ಲ ಕೇಳಿದರೆ ಮೈಯುರಿ.

ಫೋನ್ ತೆಗೆದು ಮೇಸ್ತ್ರಿ ಹೇಳಿದ ಎರಡು ಊರುಗಳ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಎಂದು ಹುಡುಕಿದೆ. ಆ ಊರುಗಳ ಹೆಸರು ನಾಲಿಗೆಗೆ ತಿರುಗುತ್ತಿರಲಿಲ್ಲ. ಪರದೆಯ ಮೇಲೆ ಗುಡ್ಡವಿಲ್ಲ, ಮಳೆಯಿಲ್ಲ, ಒಂದು ನೆಟ್ಟನೆಯ ಗೆರೆ ಮಾತ್ರ. ಆ ಗೆರೆಯ ಉದ್ದ ನೋಡಿ ಹೊತ್ತಿನ ಲೆಕ್ಕ ಹಾಕಿದೆ.

"ಎಷ್ಟ್ ಹೊತ್ತಿನ ದಾರಿ ಐತವಾ?"

"ಅರ್ಧ ತಾಸು ಯವ್ವಾ. ನಮ್ಮ ಗದ್ವಾಲ ಬಸ್ಸಿಗಿಂತ ಲಗು."

ಅವ್ವ ಗೋಡೆಯ ಗಡಿಯಾರದ ಎದುರು ಕೂತಳು. ಎದ್ದದ್ದು ಅರ್ಧ ತಾಸು ಕಳೆದ ಮೇಲೆಯೇ. "ಮುಟ್ಟಿದ ನನ್ನ ಮಗ," ಎಂದು ಕಣ್ಣೊರೆಸಿಕೊಂಡು ಉಳಿದ ಪಡಸಾಲೆ ಗುಡಿಸಿ, ಕಸವನ್ನು ತಿಪ್ಪೆಗೆ ಚೆಲ್ಲಿ ಬಂದಳು. ನನಗೂ ಎದೆ ಹಗುರಾಗಿ ಚಹಾಕ್ಕೆ ನೀರಿಟ್ಟೆ.

ಆಗ ಮೇಸ್ತ್ರಿ ಮತ್ತೆ ಫೋನ್ ಮಾಡಿದ. "ಮೋಡ ಭಾಳ ಐತಕ್ಕಾ. ವಿಮಾನ ಇನ್ನಾ ಎದ್ದಿಲ್ಲ. ಇಲ್ಲೇ ನೆಲದ ಮ್ಯಾಲ ಮಲಗಿಸೀವಿ."

ಅದನ್ನು ಹೇಳಿದ್ದೇ ಅವ್ವನ ಮುಖ ಸುಣ್ಣವಾಯಿತು. ತಿಪ್ಪೆಗೆ ಓಡಿ, ಎರಡೂ ಕೈಯಿಂದ ಕಸ ಬಾಚಿ ಸೆರಗಿಗೆ ತುಂಬಿಕೊಳ್ಳತೊಡಗಿದಳು. ನಮ್ಮದು ಯಾವುದು, ಪಕ್ಕದವರದು ಯಾವುದು ಎಂದು ಅವಳಿಗೂ ತಿಳಿಯುತ್ತಿರಲಿಲ್ಲ.

"ಹುಚ್ಚು ಹಿಡದೈತೇನ ನಿನಗ?" ಎಂದು ಕೂಗಿದೆ. ಅವಳು ಬಾಚುತ್ತಲೇ ಇದ್ದಳು. ಒಳಗಿನಿಂದ ಮೊರ ತಂದು ನಾನೂ ಅವಳ ಪಕ್ಕ ಕೂತು ಬಾಚಿದೆ. ನಂಬಿಕೆಯಿಂದಲ್ಲ, ಹೆದರಿಕೆಯಿಂದ. ತಂದದ್ದನ್ನೆಲ್ಲ ಪಡಸಾಲೆಯ ತುಂಬ ಹರಡಿ, ಅದರ ನಡುವೆಯೇ ಗೋಡೆಗೆ ಒರಗಿ ಕೂತೆವು. ಇಟ್ಟ ನೀರು ಒಲೆಯ ಮೇಲೆಯೇ ಇಂಗಿಹೋಗಿತ್ತು. ಫೋನನ್ನು ನೋಡಲೂ ಭಯ, ನೋಡದಿರಲೂ ಭಯ.

ಮಧ್ಯಾಹ್ನ ದಾಟಿದ ಮೇಲೆ ಅದು ಹೊಡೆದುಕೊಂಡಿತು. ಈ ಸಲ ತಮ್ಮನೇ. ಆಸ್ಪತ್ರೆಯಲ್ಲಿದ್ದ, ಆಪರೇಷನ್‌ಗೆ ಒಳಗೆ ಒಯ್ಯುವವರಿದ್ದರು.

"ಮುಟ್ಟ್ಯಾನ ಯವ್ವಾ!" ಎಂದೆ.

ಅವ್ವ ನನ್ನನ್ನೇ ದಿಟ್ಟಿಸಿದಳು. "ಖರೇನ ಮುಟ್ಟ್ಯಾನೋ, ಇಲ್ಲಾ ನೀ ಲೆಕ್ಕ ಹಾಕೀಯೋ?"

ನಾನು ಫೋನನ್ನು ಅವಳ ಕಿವಿಗೆ ಹಿಡಿದೆ.